ಜೆಲ್ ಹಚ್ಚುವ ಕೈಗಳು

ಪವಾಯಿಯಲ್ಲಿ ಉಗುರಿನ ಕೆಲಸ ಈಗ ಬ್ಯೂಟಿ ಪಾರ್ಲರಿನ ಒಂದು ಮೂಲೆಗೆ ಸೀಮಿತವಾಗಿಲ್ಲ. ಹೀರಾನಂದಾನಿ ಗಾರ್ಡನ್ಸ್‌ನ ಎತ್ತರದ ಮನೆಗಳು, ಸಾಕಿ ವಿಹಾರ್ ರಸ್ತೆಯ ಕಚೇರಿಗಳು, ಐಐಟಿಯ ಹಾಸ್ಟೆಲುಗಳು, ಎಲ್ಲ ಕಡೆಯಿಂದಲೂ ಗಿರಾಕಿಗಳು ಬರುತ್ತಾರೆ. ಕೆಲಸ ಮಾಡುವವರು ಚಾಂದಿವಲಿ, ಸಾಕಿನಾಕಾ, ವಿಕ್ರೋಲಿ, ಕಾಂಜೂರ್‌ಮಾರ್ಗ್ ಕಡೆಯ ಹುಡುಗಿಯರು. ಈಶಾನ್ಯ ರಾಜ್ಯಗಳಿಂದ ಬಂದವರೂ ಇದ್ದಾರೆ. ಕೆಲವರು ಅಂಗಡಿಯಲ್ಲಿ ಕೂರುತ್ತಾರೆ, ಕೆಲವರು ಆ್ಯಪ್‌ನಲ್ಲಿ ಬುಕಿಂಗ್ ಹಿಡಿದು ಬ್ಯಾಗ್ ಹೊತ್ತು ಮನೆಮನೆಗೆ ಹೋಗುತ್ತಾರೆ. ಮುಂಬಯಿಯ ಕನ್ನಡ, ತುಳು ಮನೆಗಳಲ್ಲೂ ಹೆಣ್ಣುಮಕ್ಕಳು ಇದನ್ನು ಕಲಿಯುವ ಮಾತಾಡುತ್ತಿದ್ದಾರೆ. ಕಡಿಮೆ ಬಂಡವಾಳ, ಸ್ವಂತ ದುಡಿಮೆ, ಮದುವೆ ಸೀಸನ್ನಿನಲ್ಲಿ ಒಳ್ಳೆಯ ಆದಾಯ. ಹೊಸದಾಗಿ ಇಳಿಯುವವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವ ಕಂಪನಿಯ ಜೆಲ್ ತೊಗೊಳ್ಳಲಿ?

ಆ ಪ್ರಶ್ನೆಗೆ ಒಂದು ಬ್ರ್ಯಾಂಡಿನ ಹೆಸರು ಹೇಳಿ ಮುಗಿಸುವುದು ಸುಲಭ. ಆದರೆ ಗಿರಾಕಿ ಮೂರು ವಾರಕ್ಕೊಮ್ಮೆ ಬಂದು ಹತ್ತು ಬೆರಳು ಚಾಚಿ ಹೋಗುತ್ತಾಳೆ, ಟೆಕ್ನಿಷಿಯನ್ ದಿನವಿಡೀ, ವರ್ಷವಿಡೀ ಅದೇ ರಾಸಾಯನಿಕದ ಜೊತೆಗಿರುತ್ತಾಳೆ. ಜೆಲ್ ಆರಿಸುವಾಗ ಮೊದಲು ಲೆಕ್ಕಕ್ಕೆ ಬರಬೇಕಾದದ್ದು ಅವಳ ಬೆರಳುಗಳು, ಅವಳ ಚರ್ಮ. ಬಣ್ಣ, ಹೊಳಪು, ಬಾಳಿಕೆ ಎಲ್ಲ ಆಮೇಲಿನದು. ಈ ಕ್ರಮವನ್ನು ಕೋರ್ಸುಗಳಲ್ಲಿ ಹೇಳಿಕೊಡುವವರು ಕಡಿಮೆ.

ಸಲೂನಿನ ಕಸುಬು ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ತುಳುನಾಡಿನ ಭಂಡಾರಿ ಸಮಾಜದವರು ಈ ನಗರದಲ್ಲಿ ಕತ್ತರಿ ಹಿಡಿದು ಬಾಳು ಕಟ್ಟಿಕೊಂಡವರು. ಕಾರ್ಕಳದ ಕಡೆಯಿಂದ ಬಂದ ಶಿವರಾಮ ಭಂಡಾರಿಯವರು ಶಿವಾಸ್ ಎಂಬ ಹೆಸರನ್ನೇ ಇಲ್ಲಿ ಬೆಳೆಸಿದರು. ಆ ಕಸುಬಿನಲ್ಲಿ ಮಾವನೋ ಅಣ್ಣನೋ ಪಕ್ಕದಲ್ಲಿ ನಿಂತು ಕೈ ತಿದ್ದುತ್ತಿದ್ದ. ತಲೆಮಾರುಗಳ ಎಚ್ಚರಿಕೆ ಬೈಗುಳದ ರೂಪದಲ್ಲಾದರೂ ಕಿರಿಯನಿಗೆ ದಾಟುತ್ತಿತ್ತು. ಜೆಲ್ ಉಗುರಿಗೆ ಅಂಥ ಹಿರಿಯರಿಲ್ಲ. ಜೆಲ್ ಪಾಲಿಶನ್ನು ಜಗತ್ತಿನ ಸಲೂನುಗಳಿಗೆಲ್ಲ ಪರಿಚಯಿಸಿದ ಸಿಎನ್‌ಡಿ ಕಂಪನಿಯ ಶೆಲ್ಯಾಕ್ ಮಾರುಕಟ್ಟೆಗೆ ಬಂದದ್ದು 2010ರಲ್ಲಿ. ಇಷ್ಟು ಎಳೆಯ ಕಸುಬಿನಲ್ಲಿ ಕೈ ತಿದ್ದುವವರು ಮನೆಯಲ್ಲಿ ಸಿಗುವುದಿಲ್ಲ, ವಸ್ತುವಿನ ಗುಣವನ್ನು ಓದಿಯೇ ತಿಳಿಯಬೇಕು.

ಈ ವಸ್ತುವಿನ ಮೂಲ ದಂತವೈದ್ಯದಲ್ಲಿದೆ. 1954ರಲ್ಲಿ ಅಮೆರಿಕದ ದಂತವೈದ್ಯ ಫ್ರೆಡರಿಕ್ ಸ್ಲ್ಯಾಕ್ ತಮ್ಮ ಮುರಿದ ಉಗುರನ್ನು ಹಲ್ಲಿಗೆ ಬಳಸುವ ಅಕ್ರಿಲಿಕ್‌ನಿಂದ ಸರಿಮಾಡಿಕೊಂಡರು ಎಂಬಲ್ಲಿಂದ ಅಕ್ರಿಲಿಕ್ ಉಗುರಿನ ಕತೆ ಶುರುವಾಗುತ್ತದೆ. ಇಂದು ಎಲ್ಲರ ಬಾಯಲ್ಲಿರುವ ಓಪಿಐ ಕೂಡ ಹಲ್ಲಿನ ಸಾಮಗ್ರಿ ಮಾರುವ ಕಂಪನಿಯಾಗಿದ್ದೇ ಉಗುರಿನ ವ್ಯಾಪಾರಕ್ಕೆ ಬಂದದ್ದು. ದಂತವೈದ್ಯರು ಹಲ್ಲಿನ ಹುಳುಕಿಗೆ ತುಂಬಿ ನೀಲಿ ಬೆಳಕು ಬಿಟ್ಟು ಗಟ್ಟಿಮಾಡುವ ಅಂಟನ್ನು ಕಂಡವರಿಗೆ ಜೆಲ್ ಅರ್ಥವಾಗುವುದು ಕಷ್ಟವಲ್ಲ. ಎರಡೂ ಒಂದೇ ಕುಲದವು.

ಸಾಮಾನ್ಯ ನೇಲ್ ಪಾಲಿಶ್ ಒಣಗುತ್ತದೆ: ಅದರಲ್ಲಿನ ದ್ರಾವಕ ಆವಿಯಾಗಿ ಬಣ್ಣದ ಪದರ ಉಳಿಯುತ್ತದೆ. ಜೆಲ್ ಒಣಗುವುದಿಲ್ಲ. ಅದರಲ್ಲಿ ಆಲಿಗೋಮರ್ ಎಂಬ ಉದ್ದನೆಯ ಅಣುಗಳೂ ಮಾನೋಮರ್ ಎಂಬ ಚಿಕ್ಕ ಅಣುಗಳೂ ಇರುತ್ತವೆ, ಹೆಚ್ಚಿನವು ಅಕ್ರಿಲೇಟ್ ಅಥವಾ ಮೆಥಾಕ್ರಿಲೇಟ್ ಜಾತಿಯವು. ಜೊತೆಗೆ ಫೋಟೋ ಇನಿಶಿಯೇಟರ್ ಎಂಬ, ಬೆಳಕಿಗೆ ಕಾದು ಕೂತ ವಸ್ತು. ದೀಪದ ಬೆಳಕು ಬಿದ್ದೊಡನೆ ಅದು ಒಡೆದು ಕ್ರಿಯೆಯನ್ನು ಶುರುಮಾಡುತ್ತದೆ, ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾದ ಬಲೆಯಾಗುತ್ತವೆ. ಕ್ಯೂರ್ ಆಗುವುದು ಎಂದರೆ ಇದು. ಕೊಂಡಿ ಹಾಕಿಕೊಂಡ ಅಣು ಉಗುರಿನ ಮೇಲೆ ನಿರುಪದ್ರವಿಯಾಗಿ ಕೂರುತ್ತದೆ. ಕೊಂಡಿಗೆ ಸಿಗದೆ ಉಳಿದ ಚಿಕ್ಕ ಅಣು ಮಾತ್ರ ಚರ್ಮದೊಳಗೆ ದಾರಿ ಹುಡುಕುತ್ತದೆ.

ಆ ಚಿಕ್ಕ ಅಣುಗಳಲ್ಲಿ ಹೆಚ್ಚು ಹೆಸರಾದದ್ದು ಹೀಮಾ, ಅಂದರೆ ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟ್. ಅದರ ಅಣುತೂಕ ಸುಮಾರು 130, ಚರ್ಮದ ಮೇಲ್ಪದರವನ್ನು ದಾಟಲು ತಕ್ಕಷ್ಟು ಸಣ್ಣದು. ಅಂಟಿಸುವ ಗುಣ ಚೆನ್ನಾಗಿರುವುದರಿಂದ, ಜೆಲ್ಲನ್ನು ತೆಳುಮಾಡುವುದರಿಂದ ತಯಾರಕರಿಗೆ ಇಷ್ಟ. ಒಮ್ಮೆ ದೇಹ ಇದನ್ನು ಶತ್ರುವೆಂದು ಗುರುತಿಸಿತೆಂದರೆ ಆ ನೆನಪು ಬಹುಮಟ್ಟಿಗೆ ಬದುಕಿನುದ್ದಕ್ಕೂ ಉಳಿಯುತ್ತದೆ. ಅಲರ್ಜಿ ತಕ್ಷಣ ಕಾಣಿಸುವುದಿಲ್ಲ. ಒಂದೆರಡು ದಿನ ಬಿಟ್ಟು ಬೆರಳ ತುದಿ ತುರಿಸುತ್ತದೆ, ಕೆಂಪಾಗಿ ಸುಲಿಯುತ್ತದೆ, ಬಿರಿಯುತ್ತದೆ. ಟೆಕ್ನಿಷಿಯನ್ನರಿಗೆ ಹೆಚ್ಚಾಗಿ ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿಗಳಲ್ಲಿ ಬರುತ್ತದೆ, ಬ್ರಷ್ ಮತ್ತು ಗಿರಾಕಿಯ ಬೆರಳು ಹಿಡಿಯುವುದು ಅವುಗಳಿಂದಲೇ ತಾನೆ. ಅದೇ ಕೈ ತಾಗಿ ಕಣ್ಣಿನ ರೆಪ್ಪೆಯೂ ಊದಿಕೊಳ್ಳಬಹುದು. ಎಷ್ಟೋ ಜನ ಇದನ್ನು ಅಸಿಟೋನಿನ ಒಣಚರ್ಮವೆಂದು ತಿಳಿದು ವ್ಯಾಸಲಿನ್ ಹಚ್ಚಿಕೊಂಡು ಕೆಲಸ ಮುಂದುವರಿಸುತ್ತಾರೆ, ಅಷ್ಟರಲ್ಲಿ ಕಸುಬೇ ಕೈತಪ್ಪುವ ಹಂತ ತಲುಪಿರುತ್ತದೆ.

ಸಲೂನು ಬಿಟ್ಟರೂ ಈ ಅಲರ್ಜಿ ಬೆನ್ನು ಬಿಡುವುದಿಲ್ಲ. ಹಲ್ಲಿನ ಫಿಲ್ಲಿಂಗ್, ಮೊಣಕಾಲು ಬದಲಿಸುವ ಶಸ್ತ್ರಕ್ರಿಯೆಯ ಬೋನ್ ಸಿಮೆಂಟ್, ಮಧುಮೇಹಿಗಳು ತೋಳಿಗೆ ಅಂಟಿಸಿಕೊಳ್ಳುವ ಕೆಲವು ಸೆನ್ಸರುಗಳ ಅಂಟು, ಎಲ್ಲದರಲ್ಲೂ ಇದೇ ವಂಶದ ರಾಸಾಯನಿಕಗಳಿವೆ. ಇಪ್ಪತ್ತರ ಹರೆಯದಲ್ಲಿ ಎಚ್ಚರ ತಪ್ಪಿದ್ದಕ್ಕೆ ಅರವತ್ತರಲ್ಲಿ ಮೂಳೆ ಡಾಕ್ಟರ ಮುಂದೆ ತೊಡಕು ಎದುರಾಗಬಹುದು. ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲಿ ಈ ಕುರಿತು ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಯುರೋಪ್ ಒಕ್ಕೂಟ 2020ರ ನಿಯಮದಲ್ಲಿ ಹೀಮಾ ಇರುವ ಉಗುರಿನ ಸಾಮಗ್ರಿಯನ್ನು ವೃತ್ತಿಪರರ ಬಳಕೆಗೆ ಮಾತ್ರ ಎಂದು ಸೀಮಿತಗೊಳಿಸಿ, ಅಲರ್ಜಿಯ ಎಚ್ಚರಿಕೆಯನ್ನು ಲೇಬಲ್ಲಿನಲ್ಲಿ ಅಚ್ಚುಹಾಕಲು ಹೇಳಿತು.

ಇದರಿಂದ ಹುಟ್ಟಿದ್ದು ಹೀಮಾ ಫ್ರೀ ಎಂಬ ಜಾಹೀರಾತು. ಅದು ಸುಳ್ಳಲ್ಲ, ಆದರೆ ಅದರಲ್ಲಿ ಪೂರ್ತಿ ಸತ್ಯವೂ ಇಲ್ಲ. ಹೀಮಾ ತೆಗೆದ ಜಾಗದಲ್ಲಿ ಎಚ್‌ಪಿಎಂಎ (ಹೈಡ್ರಾಕ್ಸಿಪ್ರೊಪೈಲ್ ಮೆಥಾಕ್ರಿಲೇಟ್), ಐಸೊಬಾರ್ನೈಲ್ ಅಕ್ರಿಲೇಟ್‌ನಂಥ ಇನ್ನೊಂದು ಬಂದು ಕೂರುತ್ತದೆ. ಅವುಗಳಿಗೂ ಅಲರ್ಜಿ ಆಗುವವರಿದ್ದಾರೆ, ಹೀಮಾ ಒಗ್ಗದವರಿಗೆ ಎಚ್‌ಪಿಎಂಎ ಕೂಡ ಒಗ್ಗದಿರಬಹುದು. ಆದ್ದರಿಂದ ಹೊಸಬರಿಗೆ ನನ್ನ ಸಲಹೆ: ಹೀಮಾ ಇಲ್ಲದ್ದು ಸಿಕ್ಕರೆ ಕೊಳ್ಳಿ, ಆದರೆ ಹೀಮಾ ಇರುವ ಬಾಟಲಿಯನ್ನು ಹೇಗೆ ಬಳಸುತ್ತೀರೋ ಇದನ್ನೂ ಹಾಗೆಯೇ ಬಳಸಿ. ಹಸಿ ಜೆಲ್ ಚರ್ಮಕ್ಕೆ ತಾಗಬಾರದು. ಉಗುರಿನ ಬುಡದಲ್ಲಿ, ಪಕ್ಕಗಳಲ್ಲಿ ಕೂದಲೆಳೆಯಷ್ಟು ಜಾಗ ಬಿಟ್ಟು ಹಚ್ಚಬೇಕು. ಹರಿದು ಚರ್ಮದ ಮೇಲೆ ಬಂದರೆ ದೀಪಕ್ಕೆ ಒಡ್ಡುವ ಮೊದಲೇ ಕಡ್ಡಿಯಿಂದ ಒರೆಸಬೇಕು. ಲಿಫ್ಟಿಂಗ್, ಅಂದರೆ ಜೆಲ್ ಉಗುರಿನಿಂದ ಬಿಟ್ಟು ಏಳುವುದಕ್ಕೂ ಹೀಗೆ ಹರಿದ ಜೆಲ್ ಮುಖ್ಯ ಕಾರಣಗಳಲ್ಲಿ ಒಂದು. ಚರ್ಮದ ಮೇಲೆ ಗಟ್ಟಿಯಾದ ಜೆಲ್ ಅಲ್ಲಿಂದಲೇ ಏಳಲು ಶುರುವಾಗುತ್ತದೆ.

ಬೇಸ್, ಬಣ್ಣ, ಉಗುರಿಗೆ ದಪ್ಪ ಕೊಡುವ ಬಿಲ್ಡರ್ ಯಾವುದೇ ಇರಲಿ, ದೀಪದಿಂದ ಹೊರಬಂದ ಮೇಲೂ ಮೇಲ್ಮೈ ಅಂಟಂಟಾಗಿರುವುದುಂಟು. ಗಾಳಿಯ ಆಮ್ಲಜನಕ ತಾಗಿದ ತೆಳು ಪದರ ಪೂರ್ತಿ ಗಟ್ಟಿಯಾಗುವುದಿಲ್ಲ. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ವೈಪಿನಿಂದ ಒರೆಸುತ್ತಾರೆ. ಆ ಅಂಟು ಇನ್ನೂ ಹಸಿ ರಾಸಾಯನಿಕವೇ. ಒಂದೇ ವೈಪಿನಿಂದ ಹತ್ತೂ ಬೆರಳು ಒರೆಸಿದರೆ ಒಂದು ಉಗುರಿನ ಮೇಲಿದ್ದದ್ದನ್ನು ಉಳಿದ ಒಂಬತ್ತು ಬೆರಳಿನ ಚರ್ಮಕ್ಕೆ ಸವರಿದಂತೆ. ಪ್ರತಿ ಬೆರಳಿಗೆ ವೈಪಿನ ಹೊಸ ಮಗ್ಗುಲು ಬೇಕು. ಕೈಗವಸು ನೈಟ್ರೈಲ್‌ನದ್ದಾಗಿರಲಿ. ಅದೂ ಕವಚವಲ್ಲ, ಜೆಲ್ ಅದರೊಳಗೂ ನಿಮಿಷಗಳಲ್ಲಿ ಇಳಿಯುತ್ತದೆ. ಮೇಲೆ ಜೆಲ್ ಬಿದ್ದ ಕೂಡಲೇ ಬದಲಿಸಬೇಕು.

ಇನ್ನು ದೀಪ. ಹೊಸಬರು ಜೆಲ್ಲಿಗೆ ದುಡ್ಡು ಹಾಕಿ ದೀಪದಲ್ಲಿ ಉಳಿಸುತ್ತಾರೆ. ನನ್ನ ಪ್ರಕಾರ ಅದು ತಲೆಕೆಳಗಾದ ಲೆಕ್ಕ. ಹಳೆಯ ಟ್ಯೂಬ್ ದೀಪಗಳಲ್ಲಿ 9 ವಾಟಿನ ನಾಲ್ಕು ಕೊಳವೆಗಳು, ಒಟ್ಟು 36 ವಾಟ್. ಈಗಿನ ಎಲ್‌ಇಡಿ ದೀಪಗಳು ಹೆಚ್ಚಾಗಿ 365 ಮತ್ತು 405 ನ್ಯಾನೊಮೀಟರ್ ಎಂಬ ಎರಡು ತರಂಗಾಂತರಗಳ ಆಸುಪಾಸಿನಲ್ಲಿ ಬೆಳಕು ಕೊಡುತ್ತವೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ವಾಟ್ ಎಷ್ಟು ಕರೆಂಟ್ ತಿನ್ನುತ್ತದೆ ಎಂದು ಹೇಳುತ್ತದೆಯೇ ಹೊರತು ಉಗುರಿನ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎಂದು ಹೇಳುವುದಿಲ್ಲ. ಒಂದು ಕಂಪನಿಯ ಜೆಲ್ಲಿನಲ್ಲಿರುವ ಫೋಟೋ ಇನಿಶಿಯೇಟರ್ ಯಾವ ತರಂಗಾಂತರಕ್ಕೆ, ಎಷ್ಟು ಹೊತ್ತಿಗೆ ಸ್ಪಂದಿಸುತ್ತದೆ ಎಂದು ಆ ಕಂಪನಿ ತನ್ನ ದೀಪವನ್ನೋ ತಾನು ಹೆಸರಿಸಿದ ದೀಪವನ್ನೋ ಇಟ್ಟುಕೊಂಡು ಪರೀಕ್ಷಿಸಿರುತ್ತದೆ. ಬೇರೆ ದೀಪ ಬಳಸಿದರೆ ಆ ಸಮಯದ ಸೂಚನೆಗೆ ಅರ್ಥ ಉಳಿಯುವುದಿಲ್ಲ.

ಇಲ್ಲಿನ ಮೋಸ ಕಣ್ಣಿಗೆ ಕಾಣುವುದಿಲ್ಲ. ಜೆಲ್ ಅರೆಬರೆ ಕ್ಯೂರ್ ಆದರೂ ಮುಟ್ಟಲು ಗಟ್ಟಿಯಾಗಿರುತ್ತದೆ, ಹೊಳೆಯುತ್ತದೆ, ಫೋಟೊದಲ್ಲಿ ಚೆನ್ನಾಗಿ ಬರುತ್ತದೆ. ಒಳಗೆ, ಉಗುರಿಗೆ ಅಂಟಿದ ಕಡೆ, ಕೊಂಡಿ ಸಿಗದ ಅಣುಗಳು ಉಳಿದಿರುತ್ತವೆ. ಮುಂದಿನ ರಿಫಿಲ್ಲಿಗೆ ಅದನ್ನು ಫೈಲ್ ಮಾಡಿದಾಗ ಏಳುವ ಧೂಳು ಟೆಕ್ನಿಷಿಯನ್ನಿನ ಮುಂಗೈ, ಕತ್ತು, ಮುಖದ ಮೇಲೆ ಕೂರುತ್ತದೆ. ಕಪ್ಪು, ಅಚ್ಚ ಬಿಳಿಯಂಥ ದಟ್ಟ ಬಣ್ಣಗಳು ಬೆಳಕನ್ನು ಒಳಗೆ ಬಿಡುವುದಿಲ್ಲ, ಅವನ್ನು ಎರಡು ಮೂರು ತೆಳು ಪದರಗಳಲ್ಲೇ ಹಚ್ಚಬೇಕು. ಹೆಬ್ಬೆರಳು ದೀಪದೊಳಗೆ ಪಕ್ಕಕ್ಕೆ ವಾಲುವುದರಿಂದ ನಾಲ್ಕು ಬೆರಳು ಮುಗಿದ ಮೇಲೆ ಎರಡೂ ಹೆಬ್ಬೆರಳನ್ನು ಬೇರೆಯಾಗಿ, ನೇರವಾಗಿ ಇಡಿಸಬೇಕು. ಟ್ಯೂಬುಗಳು ಉರಿಯುತ್ತಿದ್ದರೂ ತಿಂಗಳುಗಳಲ್ಲಿ ಬಲ ಕಳೆದುಕೊಳ್ಳುತ್ತವೆ, ಕಂಪನಿ ಹೇಳಿದ ಅವಧಿಗೆ ಬದಲಿಸಬೇಕು. ಎಲ್‌ಇಡಿಯಲ್ಲಿ ಕೆಲವು ಮಣಿಗಳು ಸತ್ತಿವೆಯೇ ಎಂದು ಆಗಾಗ ನೋಡಬೇಕು, ಒಳಗೆ ಚೆಲ್ಲಿ ಗಟ್ಟಿಯಾದ ಜೆಲ್ ಇದ್ದರೆ ಒರೆಸಬೇಕು.

ಬಿಲ್ಡರ್ ಜೆಲ್ ದಪ್ಪಗೆ ಹಚ್ಚಿದಾಗ ಗಿರಾಕಿ ಹಾ ಎಂದು ಕೈ ಹಿಂದೆಗೆಯುತ್ತಾಳೆ. ಕೊಂಡಿಗಳು ಒಮ್ಮೆಲೇ ಕೂಡುವಾಗ ಬಿಸಿ ಹುಟ್ಟುತ್ತದೆ. ತೆಳ್ಳಗಾದ ಉಗುರಿನವರಿಗೆ ಅದು ಇನ್ನೂ ಜೋರು. ಕಡಿಮೆ ಬಲದ ಮೋಡಿನಲ್ಲಿ ಶುರುಮಾಡಿ, ಎರಡು ಸಲಕ್ಕೆ ಹಚ್ಚಿದರೆ ಆಯಿತು. ತಡೆದುಕೊಳ್ಳಿ ಎಂದು ಹೇಳುವುದು ಸರಿಯಲ್ಲ.

ಈ ದೀಪ ಚರ್ಮಕ್ಕೆ ಅಪಾಯವೇ ಎಂದು ಗಿರಾಕಿಗಳು ಈಗ ಕೇಳುತ್ತಾರೆ, ಟೆಕ್ನಿಷಿಯನ್ನಿಗೆ ಉತ್ತರ ಗೊತ್ತಿರಬೇಕು. 2023ರ ಜನವರಿಯಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಟ್ಟೆಯಲ್ಲಿ ಬೆಳೆಸಿದ ಇಲಿಯ, ಮನುಷ್ಯರ ಜೀವಕೋಶಗಳನ್ನು ಉಗುರಿನ ದೀಪಕ್ಕೆ ಒಮ್ಮೆ 20 ನಿಮಿಷ ಒಡ್ಡಿದಾಗ ಶೇ. 20ರಿಂದ 30ರಷ್ಟು ಸತ್ತವು, ಉಳಿದವುಗಳ ಡಿಎನ್‌ಎಗೂ ಹಾನಿಯಾಗಿತ್ತು. ಸಲೂನಿನಲ್ಲಿ ಬೆಳಕು ಒಂದೊಂದು ಪದರಕ್ಕೆ ಒಂದು ನಿಮಿಷದ ಆಸುಪಾಸು, ಜೀವಂತ ಚರ್ಮಕ್ಕೆ ಮೇಲ್ಪದರದ ರಕ್ಷಣೆಯೂ ಇದೆ. ಆದ್ದರಿಂದ ಈ ಅಧ್ಯಯನ ಹಿಡಿದು ಕ್ಯಾನ್ಸರ್ ಬರುತ್ತದೆ ಎನ್ನುವುದೂ ತಪ್ಪು, ಏನೂ ಆಗುವುದಿಲ್ಲ ಎನ್ನುವುದೂ ತಪ್ಪು. ಅಮೆರಿಕದ ಚರ್ಮವೈದ್ಯರು ಹೇಳುವ ಉಪಾಯ ಸರಳ: ಕೈಗೆ ಮೊದಲೇ ಸನ್‌ಸ್ಕ್ರೀನ್, ಇಲ್ಲವೇ ಬೆರಳ ತುದಿ ಕತ್ತರಿಸಿದ ಗಾಢ ಬಣ್ಣದ ಗವಸು. ಸನ್‌ಸ್ಕ್ರೀನಿನ ಜಿಡ್ಡು ಉಗುರಿಗೆ ತಾಗಿದರೆ ಜೆಲ್ ಹಿಡಿಯುವುದಿಲ್ಲವಾದ್ದರಿಂದ ಗವಸೇ ಟೆಕ್ನಿಷಿಯನ್ನಿಗೆ ಅನುಕೂಲ.

ಫೋಟೋ ಇನಿಶಿಯೇಟರುಗಳಲ್ಲಿ ಬಹಳ ಬಳಕೆಯಲ್ಲಿದ್ದ ಟಿಪಿಓ ಎಂಬುದನ್ನು ಯುರೋಪ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸಂತಾನಶಕ್ತಿಗೆ ಹಾನಿ ಕಂಡದ್ದು ಕಾರಣ. ಆ ನಿಷೇಧ ಎಲ್ಲ ದೇಶಗಳಿಗೂ ಅನ್ವಯಿಸುವುದಿಲ್ಲ. ಅಲ್ಲಿ ಮಾರಲಾಗದ ಹಳೆಯ ಸರಕು ಬೇರೆ ದೇಶಗಳ ಮಾರುಕಟ್ಟೆಗೆ ಅಗ್ಗವಾಗಿ ಬರಬಹುದಾದ್ದರಿಂದ, ಭಾರಿ ರಿಯಾಯಿತಿಯಲ್ಲಿ ಒಳ್ಳೆಯ ಹೆಸರಿನ ಬಾಟಲಿ ಕಂಡಾಗ ತಯಾರಾದ ದಿನಾಂಕ, ಘಟಕಗಳನ್ನು ನೋಡುವುದು ಒಳ್ಳೆಯದು. ಟಿಪಿಓ ಬದಲು ಟಿಪಿಓ-ಎಲ್ ಬಳಸಿದ ಜೆಲ್ಲುಗಳು ಬಂದಿವೆ. ಎರಡೂ ಬೇರೆ ಬೇರೆ ವಸ್ತುಗಳು.

ಪವಾಯಿಯ ಹುಡುಗಿಯರು ಸಾಮಾನು ತರುವುದು ಒಂದೋ ಆನ್‌ಲೈನಿನಿಂದ, ಇಲ್ಲವೇ ಕ್ರಾಫರ್ಡ್ ಮಾರ್ಕೆಟ್ಟಿನ ಸುತ್ತಲ ಹೋಲ್‌ಸೇಲ್ ಅಂಗಡಿಗಳಿಂದ. ಅಲ್ಲಿ ಎಲ್ಲವೂ ಸಿಗುತ್ತದೆ, ಅಸಲಿನ ಪಕ್ಕದಲ್ಲೇ ನಕಲಿಯೂ ಸಿಗುತ್ತದೆ. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಲೇಬಲ್ಲಿನಲ್ಲಿ ತಯಾರಕರ ಹೆಸರು ವಿಳಾಸ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇರಬೇಕು. ಇಲ್ಲಿ ತಯಾರಾದದ್ದಾದರೆ ಲೈಸೆನ್ಸ್ ಸಂಖ್ಯೆ, ಆಮದಾದದ್ದಾದರೆ ನೋಂದಣಿ ಪ್ರಮಾಣಪತ್ರದ ಸಂಖ್ಯೆಯೂ ಆಮದುದಾರರ ವಿಳಾಸವೂ ಬೇಕು. ಚೀನೀ ಅಕ್ಷರಗಳಷ್ಟೇ ಇರುವ, ಯಾರ ವಿಳಾಸವೂ ಇಲ್ಲದ ಬಾಟಲಿಯನ್ನು ಎಷ್ಟೇ ಚೆಂದವಿದ್ದರೂ ಕೊಳ್ಳಬೇಡಿ ಎಂದು ನಾನು ಕೈಮುಗಿದು ಹೇಳುತ್ತೇನೆ. ಪುಟ್ಟ ಬಾಟಲಿಯ ಮೇಲೆ ಘಟಕಗಳ ಪಟ್ಟಿ ಎಷ್ಟೋ ಸಲ ಇರುವುದಿಲ್ಲ. ಪೆಟ್ಟಿಗೆಯಲ್ಲಿ ಹುಡುಕಿ, ಇಲ್ಲದಿದ್ದರೆ ಡೀಲರನ್ನು ಸೇಫ್ಟಿ ಡೇಟಾ ಶೀಟ್ ಕೇಳಿ. ಕೇಳಿದ್ದಕ್ಕೆ ನಗುವ ಡೀಲರನ್ನು ಬಿಟ್ಟು ಮುಂದೆ ಹೋಗಿ. ಅಕ್ರಿಲಿಕ್ ಕೆಲಸಕ್ಕೆ ದ್ರವ ಕೊಳ್ಳುವವರು ಎಂಎಂಎ (ಮೀಥೈಲ್ ಮೆಥಾಕ್ರಿಲೇಟ್) ಇದೆಯೇ ಎಂದೂ ವಿಚಾರಿಸಬೇಕು. ಅಮೆರಿಕದಲ್ಲಿ 1970ರ ದಶಕದಲ್ಲೇ ಅದರ ವಿರುದ್ಧ ಕ್ರಮವಾಗಿತ್ತು, ಅಗ್ಗವಾದ ಕಾರಣಕ್ಕೆ ಇಂದಿಗೂ ಕಳ್ಳದಾರಿಯಲ್ಲಿ ತಲೆಹಾಕುತ್ತದೆ.

ನೂರು ಬಣ್ಣದ ಸೆಟ್ ಹೊಸಬರ ಕಣ್ಣು ಸೆಳೆಯುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಬಾಟಲಿಯಲ್ಲೇ ಗಟ್ಟಿಯಾಗುತ್ತದೆ. ಒಂದೇ ಕಂಪನಿಯ ಬೇಸ್, ಟಾಪ್, ತೆಳು ಉಗುರಿನವರಿಗೊಂದು ರಬ್ಬರ್ ಬೇಸ್, ಒಂದು ಬಣ್ಣವಿಲ್ಲದ ಹಾಗೂ ಒಂದು ತಿಳಿಗುಲಾಬಿ ಬಿಲ್ಡರ್, ಹತ್ತು ಹನ್ನೆರಡು ಬಣ್ಣ, ಅವುಗಳಿಗೆ ಹೊಂದುವ ಒಂದು ಒಳ್ಳೆಯ ದೀಪ. ಆರು ತಿಂಗಳಿಗೆ ಇಷ್ಟು ಸಾಕು. ಬಿಲ್ಡರ್ ಕೊಳ್ಳುವಾಗ ಅಸಿಟೋನಿಗೆ ಕರಗುವುದೋ, ಫೈಲ್ ಮಾಡಿಯೇ ತೆಗೆಯಬೇಕಾದ ಹಾರ್ಡ್ ಜೆಲ್ಲೋ ಎಂದು ಕೇಳಿ ತಿಳಿಯಬೇಕು. ಗೊತ್ತಿಲ್ಲದೆ ಹಾರ್ಡ್ ಜೆಲ್ಲನ್ನು ಗಂಟೆಗಟ್ಟಲೆ ನೆನೆಸಿ, ಕೊನೆಗೆ ಕೆರೆದು ಗಿರಾಕಿಯ ಉಗುರು ಹಾಳುಮಾಡಿದವರುಂಟು. ಪಾಲಿಜೆಲ್, ಸಾಫ್ಟ್ ಜೆಲ್ ಟಿಪ್ಪುಗಳೆಲ್ಲ ಕೈ ಕುದುರಿದ ಮೇಲೆ.

ಲಿಫ್ಟಿಂಗ್ ಆದಾಗ ಎಲ್ಲರೂ ಜೆಲ್ಲನ್ನು ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಅದಕ್ಕೂ ಮೊದಲಿನ ಹತ್ತು ನಿಮಿಷದಲ್ಲಿರುತ್ತದೆ. ಉಗುರಿಗೆ ಅಂಟಿಕೊಂಡ ಬುಡದ ಸತ್ತ ಚರ್ಮವನ್ನು ಪೂರ್ತಿ ತೆಗೆಯಬೇಕು, 180 ಗ್ರಿಟ್ಟಿನ ಬಫರಿನಿಂದ ಹೊಳಪನ್ನಷ್ಟೇ ಇಳಿಸಬೇಕು, ಧೂಳು ಒರೆಸಿ, ತೇವ ತೆಗೆಯುವ ಡಿಹೈಡ್ರೇಟರ್ ಹಚ್ಚಬೇಕು. ಉಗುರಿನ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು, ಉಜ್ಜಿ ಉಜ್ಜಿ ಅದನ್ನೂ ತೆಳುಮಾಡಿದರೆ ಯಾವ ಜೆಲ್ಲೂ ನಿಲ್ಲುವುದಿಲ್ಲ. ಡ್ರಿಲ್ ಮಶೀನನ್ನು ಹೊಸಬರು ಮೊದಲ ದಿನಗಳಲ್ಲಿ ಗಿರಾಕಿಯ ಸ್ವಂತ ಉಗುರಿನ ಮೇಲೆ ಓಡಿಸಲೇಬಾರದು. ಬಿಟ್ಟನ್ನು ವಾರೆಯಾಗಿ ಹಿಡಿದರೆ ಉಗುರಿನ ಮೇಲೆ ಕೆಂಪು ಬಳೆಯಂಥ ಗೀರು ಬೀಳುತ್ತದೆ, ಅದು ಬೆಳೆದು ಹೋಗಲು ತಿಂಗಳುಗಳು ಬೇಕು. ಕೈಯುಗುರು ತಿಂಗಳಿಗೆ ಬೆಳೆಯುವುದೇ 3 ಮಿಲಿಮೀಟರಿನಷ್ಟು. ಮುಂಬಯಿಯ ಮಳೆಗಾಲದಲ್ಲಿ ಕೈ ಬೆವರುವವರಿಗೆ ಈ ತಯಾರಿ ಇನ್ನೂ ಮುಖ್ಯ. ಎದ್ದ ಜೆಲ್ಲಿನ ಕೆಳಗೆ ನೀರು ಸೇರಿ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಬೆಳೆದರೆ ಉಗುರು ಹಸಿರಾಗುತ್ತದೆ. ಆಗ ಮೇಲೆ ಬಣ್ಣ ಹಚ್ಚಿ ಮುಚ್ಚದೆ ಎಲ್ಲ ತೆಗೆದು ಡಾಕ್ಟರ ಹತ್ತಿರ ಕಳಿಸಬೇಕು. ಉಗುರುಸುತ್ತು ಇರುವ ಬೆರಳಿಗೂ ಕೈ ಹಚ್ಚಬಾರದು.

ವಿದೇಶಿ ವೀಡಿಯೊಗಳಲ್ಲಿ ಕಾಣದ ಒಂದು ತೊಂದರೆ ನಮ್ಮಲ್ಲಿದೆ, ಅದು ಅರಿಸಿನ. ಕೈಯಲ್ಲಿ ಕಲಸಿ ಊಟ ಮಾಡುವವರ, ಅಡುಗೆ ಮಾಡುವವರ ತಿಳಿಬಣ್ಣದ ಉಗುರು ಎರಡೇ ದಿನಕ್ಕೆ ಹಳದಿ ತಿರುಗುತ್ತದೆ, ಮ್ಯಾಟ್ ಟಾಪ್ ಕೋಟಿನಲ್ಲಂತೂ ಬೇಗ. ಅರೆಬರೆ ಕ್ಯೂರ್ ಆದ ಟಾಪ್ ಕೋಟ್ ಕಲೆ ಹೆಚ್ಚು ಹೀರುತ್ತದೆ. ಗಿರಾಕಿ ಮನೆಯಲ್ಲಿ ಅಡುಗೆ ಮಾಡುತ್ತಾಳೆಯೇ ಎಂದು ಕೇಳಿ, ಗಾಢ ಬಣ್ಣವನ್ನೋ ಹೊಳಪಿನ ಟಾಪ್ ಕೋಟನ್ನೋ ಸೂಚಿಸುವವಳಿಗೆ ಗಿರಾಕಿಗಳು ಮತ್ತೆ ಬರುತ್ತಾರೆ. ಉದ್ದದ ಎಕ್ಸ್‌ಟೆನ್ಶನ್ ಕೇಳುವವರಿಗೆ ಹಿಟ್ಟು ನಾದುವ ವಿಷಯವನ್ನೂ ನೆನಪಿಸಬೇಕು.

ತೆಗೆಯುವ ಕೆಲಸಕ್ಕೆ ಬೇರೆ ದರ ಇಡಿ, ಬೇರೆ ಸಮಯ ಇಡಿ. ಟಾಪ್ ಕೋಟನ್ನು ಫೈಲ್ ಮಾಡಿ, ಅಸಿಟೋನಿನ ಹತ್ತಿ ಇಟ್ಟು ಫಾಯಿಲ್ ಸುತ್ತಿ, ಹತ್ತು ಹದಿನೈದು ನಿಮಿಷ ಕಾದು, ತಾನಾಗಿ ಬಿಟ್ಟದ್ದನ್ನಷ್ಟೇ ಮೆಲ್ಲಗೆ ಸರಿಸಬೇಕು. ಬಿಡದಿದ್ದರೆ ಮತ್ತೆ ಸುತ್ತಬೇಕು. ಜೆಲ್‌ನಿಂದ ಉಗುರು ಹಾಳಾಯಿತು ಎಂಬ ದೂರುಗಳಲ್ಲಿ ಬಹುಪಾಲು ಅವಸರದಲ್ಲಿ ಕಿತ್ತದ್ದರ ಫಲ. ಅಸಿಟೋನ್ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಉಷ್ಣದಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಬೆಳಿಗ್ಗೆ ಅಂಗಡಿ ತೆರೆದು ದೇವರ ಫೋಟೊಕ್ಕೆ ದೀಪ, ಅಗರಬತ್ತಿ ಹಚ್ಚುವುದು ನಮ್ಮೆಲ್ಲರ ರೂಢಿ. ಆ ಮೂಲೆಯಲ್ಲಿ ಅಸಿಟೋನಿನ ಕ್ಯಾನ್ ಇರಕೂಡದು. ಮೇ ತಿಂಗಳ ಬಿಸಿಲಲ್ಲಿ ಬಾಟಲಿ ಬ್ಯಾಗಿನಲ್ಲಿ ಹೊತ್ತು ಜೋಗೇಶ್ವರಿ–ವಿಕ್ರೋಲಿ ಲಿಂಕ್ ರೋಡಿನ ಟ್ರಾಫಿಕ್ಕಿನಲ್ಲಿ ಕೂರುವವರು ಜೆಲ್ಲನ್ನೂ ಬೆಳಕು ತಾಗದ ದಪ್ಪ ಚೀಲದಲ್ಲಿಡಲಿ. ಕಿಟಕಿಯ ಬಿಸಿಲೊಂದೇ ಬ್ರಷ್ಷನ್ನು ಕಲ್ಲಾಗಿಸಲು ಸಾಕು. ಎಸಿ ಹಾಕಿ ಮುಚ್ಚಿದ ಪುಟ್ಟ ಗೂಡಂಗಡಿಗಳಲ್ಲಿ ಧೂಳು ಎಳೆಯುವ ಫ್ಯಾನ್, ಮಾಸ್ಕ್ ಎರಡೂ ಬೇಕು. ಜೆಲ್ ಒರೆಸಿದ ವೈಪುಗಳನ್ನು ದೀಪದಡಿ ಗಟ್ಟಿಮಾಡಿ ಮುಚ್ಚಳವಿರುವ ಡಬ್ಬಿಗೆ ಹಾಕಬೇಕು.

ತರಬೇತಿಯ ವಿಷಯದಲ್ಲಿ ಒಂದು ಮಾತು. ಮೂರು ದಿನದ ಕ್ರ್ಯಾಶ್ ಕೋರ್ಸಿನಲ್ಲಿ ಕಲೆ ಕಲಿಸಬಹುದು, ಚರ್ಮದ ಕಾಳಜಿ ಕಲಿಸಲು ಸಮಯ ಸಾಲದು. ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ನೇಲ್ ಟೆಕ್ನಿಷಿಯನ್ ಕೆಲಸಕ್ಕೆ ಪಠ್ಯಕ್ರಮ ರೂಪಿಸಿದೆ, ಸೇರುವ ಸಂಸ್ಥೆ ಅದನ್ನು ಅನುಸರಿಸುತ್ತದೆಯೇ ಎಂದು ಕೇಳಿ. ಇಲ್ಲಿನ ತರಗತಿಗಳು ಹಿಂದಿ, ಇಂಗ್ಲಿಷಿನಲ್ಲಿ ನಡೆಯುತ್ತವೆ. ಪವಾಯಿಯಲ್ಲೇ ಬಂಟರ ಸಂಘದ ಎಸ್. ಎಂ. ಶೆಟ್ಟಿ ವಿದ್ಯಾಸಂಸ್ಥೆ ಇದೆ, ನಗರದ ತುಂಬ ಕನ್ನಡ, ತುಳು ಸಂಘಗಳಿವೆ. ಈ ಹೆಣ್ಣುಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಚರ್ಮವೈದ್ಯರೊಬ್ಬರನ್ನು ಕರೆಸಿ ಕನ್ನಡ, ತುಳುವಿನಲ್ಲೇ ಅರ್ಧ ದಿನದ ಶಿಬಿರ ಮಾಡುವುದು ಇಂಥ ಸಂಸ್ಥೆಗಳಿಗೆ ಭಾರವಾಗಲಾರದು. ನಾನು ಇದನ್ನು ಬೇಡಿಕೆಯಾಗಿಯೇ ಇಡುತ್ತಿದ್ದೇನೆ.

ಕೊನೆಯದಾಗಿ, ಒಂದು ನೋಟ್‌ಬುಕ್. ಗಿರಾಕಿಯ ಹೆಸರು, ತಾರೀಖು, ಬಳಸಿದ ಬೇಸ್, ಬಣ್ಣ, ಟಾಪ್ ಕೋಟಿನ ಬ್ಯಾಚ್ ಸಂಖ್ಯೆ, ದೀಪದಲ್ಲಿ ಇಟ್ಟ ಸೆಕೆಂಡು, ಮುಂದಿನ ಸಲ ಕಂಡ ಲಿಫ್ಟಿಂಗ್. ಗಿರಾಕಿಗೋ ನಿಮಗೋ ತುರಿಕೆ ಶುರುವಾದರೆ ಕೆಲಸ ನಿಲ್ಲಿಸಿ, ಪ್ಯಾಚ್ ಟೆಸ್ಟ್ ಮಾಡುವ ಚರ್ಮವೈದ್ಯರ ಹತ್ತಿರ ಈ ಪುಸ್ತಕವನ್ನೂ ಆ ಬಾಟಲಿಗಳ ಡೇಟಾ ಶೀಟನ್ನೂ ಒಯ್ಯಿರಿ. ಯಾವ ರಾಸಾಯನಿಕಕ್ಕೆ ಅಲರ್ಜಿ ಎಂದು ಹೆಸರು ಹಿಡಿದು ಅವರು ಬರೆದುಕೊಟ್ಟರೆ, ಯಾವ ಬಾಟಲಿಯನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬಹುದು ಎಂದು ಆ ಚೀಟಿ ನೋಡಿಕೊಂಡೇ ಆರಿಸಬಹುದು.